ಹೆಣ್ಣು ದನಿಯ ರೋಮಿಯೊ

1831ರ ಆರಂಭದ ತಿಂಗಳುಗಳು. ರೋಮ್ ಪಾರಿತೋಷಕ ಗೆದ್ದು ಇಟಲಿಗೆ ಬಂದಿದ್ದ ಇಪ್ಪತ್ತೇಳರ ಫ್ರೆಂಚ್ ಸಂಯೋಜಕ ಎಕ್ತೋರ್ ಬೆರ್ಲಿಯೋಜ್ ದಾರಿಯಲ್ಲಿ ಫ್ಲಾರೆನ್ಸ್‌ನಲ್ಲಿ ತಂಗಿದ್ದ. ಊರಿನಲ್ಲಿ ಹೊಸ ಒಪೆರಾ ನಡೆಯುತ್ತಿದೆ, ಕಥೆ ರೋಮಿಯೊ ಮತ್ತು ಜೂಲಿಯೆಟರದು ಎಂದು ಕೇಳಿದ್ದೇ ತಡ, ರಂಗಮಂದಿರಕ್ಕೆ ಓಡಿದ. ಆ ಉತ್ಸಾಹಕ್ಕೆ ಕಾರಣವಿತ್ತು. 1827ರಲ್ಲಿ ಪ್ಯಾರಿಸ್‌ನ ಒದೆಯೋನ್ ರಂಗಮಂದಿರದಲ್ಲಿ ಹ್ಯಾರಿಯಟ್ ಸ್ಮಿತ್‌ಸನ್ ಎಂಬ ಐರಿಷ್ ನಟಿಯ ಜೂಲಿಯೆಟ್ ಪಾತ್ರ ನೋಡಿ, ಷೇಕ್ಸ್‌ಪಿಯರನಿಗೂ ಆ ನಟಿಗೂ ಅವನು ಒಟ್ಟಿಗೇ ಮರುಳಾಗಿದ್ದ. ಮುಂದೆ ಆಕೆಯನ್ನೇ ಮದುವೆಯೂ ಆದ.

ಫ್ಲಾರೆನ್ಸ್‌ನಲ್ಲಿ ಅವನಿಗೆ ಕಾದಿದ್ದು ನಿರಾಸೆ. ಕಾಪುಲೆಟ್ ಮನೆಯ ನೃತ್ಯಕೂಟ ಇಲ್ಲ, ಬಾಯಿಬಡುಕಿ ದಾದಿ ಇಲ್ಲ, ಮರ್ಕ್ಯೂಷಿಯೊ ಇಲ್ಲ, ಉಪ್ಪರಿಗೆಯ ಬೆಳದಿಂಗಳ ಮಾತುಕತೆಯೂ ಇಲ್ಲ. ಸಾಲದ್ದಕ್ಕೆ ರೋಮಿಯೊ ಪಾತ್ರ ಹಾಡುತ್ತಿದ್ದವಳು ಹೆಂಗಸು. ಆ ರಾತ್ರಿ ಶ್ರುತಿಯಲ್ಲಿ ಹಾಡಿದವರು ಇಬ್ಬರೇ, ಒಬ್ಬಳು ಎತ್ತರದ ದಷ್ಟಪುಷ್ಟ ಜೂಲಿಯೆಟ್, ಇನ್ನೊಬ್ಬಳು ಗಿಡ್ಡ ಸಣಕಲು ರೋಮಿಯೊ ಎಂದು ತನ್ನ ಆತ್ಮಕಥೆಯಲ್ಲಿ ಚುಚ್ಚಿ ಬರೆದ. ಅವನ ಈ ಗೊಣಗಾಟವನ್ನು ಮುಂದಿನ ಎಷ್ಟೋ ವಿಮರ್ಶಕರು ಹಾಗೆಯೇ ಎತ್ತಿಕೊಂಡರು. ಷೇಕ್ಸ್‌ಪಿಯರನನ್ನು ಕೆಡಿಸಿದ ಒಪೆರಾ ಎಂಬ ಅಪವಾದ ‘ಇ ಕಾಪುಲೇತಿ ಎ ಇ ಮೊಂತೇಕ್ಕಿ’ಗೆ ಅಂದಿನಿಂದಲೇ ಅಂಟಿಕೊಂಡಿತು.

ನಿಜವೆಂದರೆ ಇದನ್ನು ಬರೆದ ವಿಂಚೆನ್ಜೊ ಬೆಲ್ಲೀನಿ ಷೇಕ್ಸ್‌ಪಿಯರನ ಮನೆಬಾಗಿಲಿಗೆ ಹೋಗಿರಲೇ ಇಲ್ಲ.

ಕಥೆ ಇಂಗ್ಲೆಂಡಿನದಲ್ಲ, ಇಟಲಿಯದೇ. 14ನೇ ಶತಮಾನದ ಆದಿಯಲ್ಲೇ ಡಾಂಟೆ ತನ್ನ ಮಹಾಕಾವ್ಯದಲ್ಲಿ ಕಚ್ಚಾಟದಿಂದ ಹಾಳಾದ ಮನೆತನಗಳ ಸಾಲಿನಲ್ಲಿ ಮೊಂತೇಕ್ಕಿ ಮತ್ತು ಕಾಪೆಲ್ಲೇತಿ ಹೆಸರುಗಳನ್ನು ಜೊತೆಯಾಗಿ ಹೇಳಿದ್ದ. ಅಲ್ಲಿ ಪ್ರೇಮಿಗಳ ಸುದ್ದಿಯಿಲ್ಲ. ಆ ಹೆಸರುಗಳಿಗೆ ಪ್ರೇಮಕಥೆಯನ್ನು ಕಟ್ಟಿ, ವೆರೋನಾ ನಗರದಲ್ಲಿ ನೆಲೆಗೊಳಿಸಿದವನು ವಿಚೆಂಜಾದ ಲೂಯಿಜಿ ದ ಪೋರ್ತೊ. ಸೈನಿಕನಾಗಿದ್ದ ಅವನು 1511ರಲ್ಲಿ ಯುದ್ಧದಲ್ಲಿ ಪೆಟ್ಟು ತಿಂದು ಮೈ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ. ಆಮೇಲೆ ಅವನು ಬರೆದ ಪುಟ್ಟ ಕಥೆ ಅವನ ಸಾವಿನ ನಂತರ, 1530ರ ಆಸುಪಾಸಿನಲ್ಲಿ ಅಚ್ಚಾಯಿತು. ಅದರಲ್ಲಿ ವಿಷ ಕುಡಿದ ರೋಮಿಯೊ ಸಾಯುವ ಮೊದಲೇ ಜೂಲಿಯೆಟ್ ಕಣ್ಣು ಬಿಡುತ್ತಾಳೆ. ಇಬ್ಬರಿಗೂ ಕೊನೆಯ ನಾಲ್ಕು ಮಾತಿಗೆ ಅವಕಾಶ ಸಿಗುತ್ತದೆ. ಅವನು ಹೋದ ಮೇಲೆ ಅವಳು ಕಠಾರಿ ಹುಡುಕುವುದಿಲ್ಲ, ಉಸಿರು ಬಿಗಿಹಿಡಿದು ಪ್ರಾಣ ಬಿಡುತ್ತಾಳೆ. 1554ರಲ್ಲಿ ಮತ್ತೇಯೊ ಬಾಂದೆಲ್ಲೊ ಇದನ್ನೇ ಹಿಗ್ಗಿಸಿ ಹೇಳಿದ. ಅಲ್ಲಿಂದ ಫ್ರೆಂಚ್ ಹಾದು, 1562ರಲ್ಲಿ ಆರ್ಥರ್ ಬ್ರೂಕನ ಇಂಗ್ಲಿಷ್ ಪದ್ಯವಾಗಿ, ಷೇಕ್ಸ್‌ಪಿಯರನ ಕೈಗೆ ಬರುವಾಗ ಕಥೆ ಸಾಕಷ್ಟು ದೇಶ ಸುತ್ತಿತ್ತು. ಇಟಲಿಯವರು ಮಾತ್ರ ತಮ್ಮ ಹಳೆಯ ಕಥೆಯನ್ನೇ ನೆಚ್ಚಿಕೊಂಡಿದ್ದರು. ಅದನ್ನು ಒಪೆರಾ ಮಾಡಿದವರೂ ಒಬ್ಬಿಬ್ಬರಲ್ಲ. ನೇಪಲ್ಸ್‌ನ ಸಂಗೀತಶಾಲೆಯಲ್ಲಿ ಬೆಲ್ಲೀನಿಯ ಗುರುವಾಗಿದ್ದ ನಿಕೊಲೊ ಜಿಂಗರೆಲ್ಲಿ 1796ರಲ್ಲಿ, ನಿಕೋಲಾ ವಕ್ಕಾಯಿ 1825ರಲ್ಲಿ ಇದೇ ಕಥೆಗೆ ಸಂಗೀತ ಕೊಟ್ಟಿದ್ದರು.

ಆ ಕಾಲದ ಪ್ರವಾಸಿಗಳಿಗೂ ಈ ಕಥೆಯ ಹುಚ್ಚು. ವೆರೋನಾದಲ್ಲಿ ಜೂಲಿಯೆಟಳ ಗೋರಿ ಎಂದು ತೋರಿಸುವ ಅಮೃತಶಿಲೆಯ ತೊಟ್ಟಿಯೊಂದಿದೆ. ಅದರಿಂದ ಚೂರು ಕಿತ್ತು ಒಯ್ಯುವುದು ಬಂದವರೆಲ್ಲರ ಚಾಳಿಯಾಗಿತ್ತು. 1816ರಲ್ಲಿ ಕವಿ ಬೈರನ್ ಕೂಡ ಕೆಲವು ಚೂರು ತೆಗೆದುಕೊಂಡ. ನೆಪೋಲಿಯನ್ನನ ಎರಡನೆಯ ಹೆಂಡತಿ, ಪಾರ್ಮಾದ ಒಡತಿ ಮರಿ ಲೂಯಿಸ್ ಆ ಕಲ್ಲಿನಿಂದ ಆಭರಣವನ್ನೇ ಮಾಡಿಸಿಕೊಂಡಳಂತೆ. ಬೆಲ್ಲೀನಿಯ ಕಥೆಗೂ ಈಕೆಯ ಪಾರ್ಮಾಕ್ಕೂ ಗಟ್ಟಿ ನಂಟಿದೆ.

1829ರ ಮೇ 16ರಂದು ಪಾರ್ಮಾದಲ್ಲಿ ಹೊಸ ರಂಗಮಂದಿರ ಉದ್ಘಾಟನೆಯಾಯಿತು. ಅದಕ್ಕೆಂದೇ ಬರೆದ ಒಪೆರಾ ಬೆಲ್ಲೀನಿಯ ‘ಜಾಯಿರಾ’. ಊರಿನ ವಕೀಲನೊಬ್ಬ ಬರೆದಿಟ್ಟಿದ್ದ ಸಾಹಿತ್ಯವನ್ನು ಬೆಲ್ಲೀನಿ ಬೇಡವೆಂದು ತಳ್ಳಿ, ತನ್ನ ಮೆಚ್ಚಿನ ಕವಿ ಫೆಲೀಚೆ ರೊಮಾನಿಯನ್ನು ಕರೆಸಿಕೊಂಡಿದ್ದ. ಊರವರಿಗೆ ಆಗಲೇ ಕಸಿವಿಸಿ. ಅದು ಸಾಲದೆಂಬಂತೆ, ತಿಂಗಳೂ ಸಿಗದ ಅವಸರದಲ್ಲಿ ಇದನ್ನು ಬರೆಯಬೇಕಾಯಿತು ಎಂದು ರೊಮಾನಿ ಮುನ್ನುಡಿಯಲ್ಲಿ ತೋಡಿಕೊಂಡ. ನಮ್ಮ ಊರಿನ ದೊಡ್ಡ ಸಮಾರಂಭಕ್ಕೆ ಅವಸರದ ಅಡುಗೆಯೇ ಎಂದು ಪಾರ್ಮಾದವರು ಕೆರಳಿದರು. ‘ಜಾಯಿರಾ’ ಬಿದ್ದುಹೋಯಿತು. ‘ಇಲ್ ಪಿರಾತಾ’, ‘ಲಾ ಸ್ತ್ರನಿಯೇರಾ’ಗಳಿಂದ ಮಿಲಾನಿನಲ್ಲಿ ಹೆಸರು ಮಾಡಿದ್ದ ಇಪ್ಪತ್ತೇಳರ ಯುವಕನಿಗೆ ಇದು ದೊಡ್ಡ ಪೆಟ್ಟು.

ಏಳು ತಿಂಗಳ ನಂತರ ವೆನಿಸ್‌ನಲ್ಲಿ ಅದೃಷ್ಟ ಹೊರಳಿತು. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಆ ನಗರದ ಲಾ ಫೆನಿಚೆ ರಂಗಮಂದಿರದಲ್ಲಿ ಕಾರ್ನಿವಲ್ ಋತುವಿಗೆ ಹೊಸ ಒಪೆರಾ ಕೊಡುವುದಾಗಿ ಜೊವಾನ್ನಿ ಪಚೀನಿ ಎಂಬ ಸಂಯೋಜಕ ಒಪ್ಪಿಕೊಂಡಿದ್ದ. ಅವನು ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ಎಂಬ ಅನುಮಾನ ರಂಗಮಂದಿರದವರಿಗೆ ಬಂತು. ‘ಇಲ್ ಪಿರಾತಾ’ದ ಪ್ರದರ್ಶನಕ್ಕೆಂದು ಬೆಲ್ಲೀನಿ ವೆನಿಸ್‌ನಲ್ಲೇ ಇದ್ದ. 1830ರ ಜನವರಿಯಲ್ಲಿ ಅವನನ್ನು ಕೇಳಿದರು. ಸಾಹಿತ್ಯ ಕೈಗೆ ಬಂದ ದಿನದಿಂದ ಪ್ರದರ್ಶನದವರೆಗೆ 45 ದಿನವಾದರೂ ಬೇಕೆಂದು ಅವನು ಷರತ್ತು ಹಾಕಿದ. ಪಚೀನಿ ಕೈ ಎತ್ತಿದ. ಬೆಲ್ಲೀನಿ ಸಹಿ ಹಾಕಿದ.

ಹೊಸ ಕಥೆ ಹೆಣೆಯಲು ರೊಮಾನಿಗೆ ಪುರಸೊತ್ತಿರಲಿಲ್ಲ. ಐದು ವರ್ಷ ಹಿಂದೆ ವಕ್ಕಾಯಿಗೆ ‘ಜುಲಿಯೆತ್ತಾ ಎ ರೊಮೇಯೊ’ ಬರೆದುಕೊಟ್ಟಿದ್ದವನೂ ಅವನೇ. ಅದನ್ನೇ ಹೊರತೆಗೆದು, ಕತ್ತರಿಸಿ, ಕೆಲವು ಕಡೆ ಹೊಸದಾಗಿ ಬರೆದು ಕೊಟ್ಟ. ಬೆಲ್ಲೀನಿಯೂ ತನ್ನ ಪೆಟ್ಟಿಗೆಗೆ ಕೈ ಹಾಕಿದ. ಪಾರ್ಮಾದವರು ಬೇಡವೆಂದ ‘ಜಾಯಿರಾ’ದ ಹತ್ತರಷ್ಟು ಧಾಟಿಗಳು ಹೊಸ ಮಾತು ತೊಟ್ಟು ವೆರೋನಾಕ್ಕೆ ಬಂದವು. ಜುಲಿಯೆತ್ತಾ, ಅಂದರೆ ಇಟಲಿಯ ಜೂಲಿಯೆಟ್, ಮೊದಲ ಅಂಕದಲ್ಲಿ ಹಾಡುವ, ಇಂದು ಈ ಒಪೆರಾದಲ್ಲೇ ಅತಿ ಹೆಚ್ಚು ಜನ ಬಲ್ಲ ಗೀತೆಯ ಧಾಟಿ ಇನ್ನೂ ಹಳೆಯದು. 1825ರಲ್ಲಿ ನೇಪಲ್ಸ್‌ನ ಸಂಗೀತಶಾಲೆಯಲ್ಲಿ ಓದು ಮುಗಿಸುವಾಗ ಬರೆದ ‘ಆದೆಲ್ಸನ್ ಎ ಸಲ್ವೀನಿ’ಯಲ್ಲಿ ಅದು ನೆಲ್ಲಿ ಎಂಬ ಹುಡುಗಿಯ ಹಾಡು. ಅಲ್ಲಿ ಪಾತ್ರಧಾರಿಗಳೆಲ್ಲ ಶಾಲೆಯ ಗಂಡು ವಿದ್ಯಾರ್ಥಿಗಳೇ ಆದ್ದರಿಂದ, ಜುಲಿಯೆತ್ತಾಳ ವಿರಹವನ್ನು ಮೊಟ್ಟಮೊದಲು ಹಾಡಿದ ದನಿ ಹುಡುಗನೊಬ್ಬನದು!

ಹಳೆಯ ಸರಕು ಎಂದು ಮೂಗು ಮುರಿಯುವ ಮೊದಲು ಆ ಹಾಡನ್ನು ಎರಡೂ ಕಡೆ ಕೇಳಬೇಕು. ವೆನಿಸ್‌ಗಾಗಿ ಬೆಲ್ಲೀನಿ ಅದರ ಮುಂದೆ ಹಾರ್ನ್ ವಾದ್ಯದ ಏಕಾಂಗಿ ಆಲಾಪವೊಂದನ್ನು ಇಟ್ಟ. ಮದುವೆಯ ಉಡುಗೆ ತೊಟ್ಟ ಹುಡುಗಿ, ಮನಸ್ಸಿಲ್ಲದ ಮದುವೆ, ಕೋಣೆಯಲ್ಲಿ ಒಬ್ಬಳೇ. ಹಾರ್ನ್ ನಿಲ್ಲುತ್ತದೆ, ಅವಳು ಅರ್ಧ ಮಾತು ಅರ್ಧ ರಾಗದಲ್ಲಿ ತನ್ನೊಂದಿಗೆ ಮಾತಾಡಿಕೊಳ್ಳುತ್ತಾಳೆ. ಆಮೇಲೆ ಹಾರ್ಪ್‌ನ ಮೀಟಿನ ಮೇಲೆ ಹಾಡು ಏಳುತ್ತದೆ. ಹಳೆಯ ಧಾಟಿಯ ಸ್ವರಗಳನ್ನು ತುಸುತುಸುವೇ ಎಳೆದು, ಒಂದು ಮಾತು ಮುಗಿಯುವ ಕಡೆ ಮುಗಿಸದೆ ಇನ್ನೊಂದು ಉಸಿರಿಗೆ ದಾಟಿಸಿದ್ದಾನೆ. ಬೆಲ್ ಕಾಂತೊ ಸಂಪ್ರದಾಯದ ಹಾಡುಗಾರಿಕೆ ನಿಂತಿರುವುದೇ ಇಂಥ ಉಸಿರಿನ ಲೆಕ್ಕದ ಮೇಲೆ. ವಾದ್ಯವೃಂದ ಮರೆಯಲ್ಲಿ ನಿಂತು ದನಿಗೆ ನೆಲ ಕೊಡುತ್ತದೆ, ಅಷ್ಟೇ.

ಕಥೆಯನ್ನು ರೊಮಾನಿ ಕಟ್ಟಿದ ರೀತಿಯೂ ನೋಡುವಂಥದು. ಅವನ ವೆರೋನಾದಲ್ಲಿ ಪುಂಡ ಹುಡುಗರ ಬೀದಿಜಗಳವಿಲ್ಲ, ನಡೆಯುತ್ತಿರುವುದು ಅಂತರ್ಯುದ್ಧ. ಪೋಪನ ಪರವಾದ ಗ್ವೆಲ್ಫರು ಒಂದು ಕಡೆ, ಚಕ್ರವರ್ತಿಯ ಪರವಾದ ಗಿಬೆಲ್ಲೀನರು ಇನ್ನೊಂದು ಕಡೆ. ಕಾಪುಲೇತಿಗಳು ಗ್ವೆಲ್ಫರು, ಮೊಂತೇಕ್ಕಿಗಳು ಗಿಬೆಲ್ಲೀನರು. ರೋಮಿಯೊ ಇಲ್ಲಿ ಸೇನಾನಾಯಕ. ಜುಲಿಯೆತ್ತಾಳ ಅಣ್ಣನನ್ನು ಯುದ್ಧದಲ್ಲಿ ಕೊಂದವನೂ ಅವನೇ. ಪರದೆ ಏಳುವ ಹೊತ್ತಿಗೆ ಪ್ರೇಮ ಹಳೆಯದಾಗಿದೆ, ಮೊದಲ ನೋಟದ ಪುಳಕಕ್ಕೆಲ್ಲ ಜಾಗವಿಲ್ಲ. ರೋಮಿಯೊ ತಾನು ಯಾರೆಂದು ಹೇಳಿಕೊಳ್ಳದೆ ರಾಯಭಾರಿಯ ವೇಷದಲ್ಲಿ ಶತ್ರುಗಳ ಸಭೆಗೆ ಬಂದು, ರೋಮಿಯೊನಿಗೆ ಜುಲಿಯೆತ್ತಾಳನ್ನು ಕೊಟ್ಟು ರಾಜಿಯಾಗೋಣ ಎನ್ನುತ್ತಾನೆ. ಅವಳ ತಂದೆ ಕಾಪೆಲ್ಲಿಯೊ ಒಪ್ಪುವುದಿಲ್ಲ. ಮಗಳನ್ನು ತೆಬಾಲ್ದೊನಿಗೆ ಕೊಡುವುದೆಂದು ಆಗಲೇ ನಿಶ್ಚಯವಾಗಿದೆ. ಓಡಿಹೋಗೋಣ ಬಾ ಎಂದು ರೋಮಿಯೊ ಕರೆದರೆ ಜುಲಿಯೆತ್ತಾ ಹೋಗುವುದಿಲ್ಲ. ಅಣ್ಣನನ್ನು ಕಳೆದುಕೊಂಡ ಮನೆಯಲ್ಲಿ ಅಪ್ಪನ ಮಾನ ಅವಳಿಗೆ ಪ್ರೀತಿಯಷ್ಟೇ ಭಾರ. ಷೇಕ್ಸ್‌ಪಿಯರನ ಚುರುಕು ಹುಡುಗಿ ಇವಳಲ್ಲ ಎಂದು ದೂರುವವರಿದ್ದಾರೆ. ಹೌದು, ಇವಳು ಬೇರೆಯವಳೇ. ಹೋಗಲಾರದ, ಇರಲಾರದ ಹುಡುಗಿ. ಅವಳ ಸಂಗೀತವೆಲ್ಲ ಆ ಇಕ್ಕಟ್ಟಿನಿಂದ ಹುಟ್ಟಿದ್ದು.

1830ರ ಮಾರ್ಚ್ 11ರಂದು ಮೊದಲ ಪ್ರದರ್ಶನ. ರೋಮಿಯೊ ಆಗಿ ಜುದಿತ್ತಾ ಗ್ರಿಸಿ, ಜುಲಿಯೆತ್ತಾ ಆಗಿ ರೋಸಲ್ಬಿನಾ ಕರದೋರಿ, ತೆಬಾಲ್ದೊ ಆಗಿ ಲೊರೆಂಜೊ ಬೊನ್ಫಿಲಿ ಹಾಡಿದರು. ವೆನಿಸ್ ಮನಸೋತಿತು. ಮೂರನೆಯ ರಾತ್ರಿ ಜನ ದೀವಟಿಗೆ ಹಿಡಿದು, ಮುಂದೆ ಸೈನ್ಯದ ಬ್ಯಾಂಡು ಬಾರಿಸಿಕೊಂಡು ಬೆಲ್ಲೀನಿಯನ್ನು ಬಿಡಾರದವರೆಗೆ ಮೆರವಣಿಗೆಯಲ್ಲಿ ಕರೆದೊಯ್ದರು. ಮಾರ್ಚ್ 21ಕ್ಕೆ ಋತು ಮುಗಿಯುವುದರೊಳಗೆ ಎಂಟು ಪ್ರದರ್ಶನ ನಡೆದವು. ಪಾರ್ಮಾದಲ್ಲಿ ಸೋತ ‘ಜಾಯಿರಾ’ ವೆನಿಸ್‌ನಲ್ಲಿ ಸೇಡು ತೀರಿಸಿಕೊಂಡಿತು ಎಂಬುದು ಬೆಲ್ಲೀನಿಯದೇ ಮಾತು. ಒಪೆರಾವನ್ನು ಅವನು ತನ್ನ ಹುಟ್ಟೂರು ಕತಾನಿಯಾದ ಜನರಿಗೆ ಅರ್ಪಿಸಿದ. ಆ ರಾತ್ರಿಗಳ ಸಭಾಂಗಣ ಈಗಿಲ್ಲ. ಲಾ ಫೆನಿಚೆ 1836ರಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟಿದ್ದು 1996ರಲ್ಲಿ ಇನ್ನೊಮ್ಮೆ ಸುಟ್ಟಿತು. ಇಂದು ನಿಂತಿರುವುದು 2003ರಲ್ಲಿ ತೆರೆದದ್ದು.

ಬೆರ್ಲಿಯೋಜನಿಗೆ ಮುಳ್ಳಾಗಿದ್ದ ಹೆಣ್ಣು ರೋಮಿಯೊ ಇಟಲಿಯವರಿಗೆ ವಿಚಿತ್ರವೇ ಆಗಿರಲಿಲ್ಲ. ಬಾಲ್ಯದಲ್ಲೇ ಶಸ್ತ್ರಕ್ರಿಯೆಗೆ ಒಳಪಡಿಸಿ, ದನಿ ಒಡೆಯದಂತೆ ಮಾಡಿದ ಗಂಡುಗಾಯಕರೇ 18ನೇ ಶತಮಾನದುದ್ದಕ್ಕೂ ಒಪೆರಾದ ನಾಯಕರು. ಅವರನ್ನು ಕಾಸ್ತ್ರಾತೊಗಳೆಂದು ಕರೆಯುತ್ತಿದ್ದರು. ಜಿಂಗರೆಲ್ಲಿಯ ರೋಮಿಯೊ ಹಾಡಿದವನು ಅಂಥವನೇ ಆದ ಜಿರೊಲಾಮೊ ಕ್ರೆಶೆಂತೀನಿ. ಅವನ ಹಾಡು ಕೇಳಿ ಕರಗಿದ ನೆಪೋಲಿಯನ್ ಕಬ್ಬಿಣದ ಕಿರೀಟದ ಪದವಿಯನ್ನೇ ಅವನಿಗೆ ಕೊಟ್ಟ. ಆ ಕ್ರೂರ ಪದ್ಧತಿ ಮರೆಯಾಗುತ್ತ ಬಂದಾಗ, ವೀರ ಯುವಕನ ಪಾತ್ರಕ್ಕೆ ಎತ್ತರದ ದನಿಯೇ ಸರಿ ಎಂಬ ರೂಢಿ ಮಾತ್ರ ಉಳಿಯಿತು. ಪಾತ್ರಗಳು ಮಂದ್ರಕ್ಕೂ ಇಳಿಯಬಲ್ಲ ಮೆಜ್ಜೊ ದನಿಯ ಹೆಂಗಸರ ಪಾಲಾದವು. ಬೆಂಗಳೂರಿನ ಸ್ತ್ರೀ ನಾಟಕ ಮಂಡಳಿಯಲ್ಲಿ ಆರ್. ನಾಗರತ್ನಮ್ಮನವರ ಕಂಸ, ರಾವಣರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಷ ಯಾರದು ಎಂಬ ಪ್ರಶ್ನೆ ಮೊದಲ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ.

ಬೆಲ್ಲೀನಿ ಆ ರೂಢಿಯನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ, ದುಡಿಸಿಕೊಂಡ. ಮೊದಲ ಅಂಕದ ಕೊನೆಯಲ್ಲಿ ರೋಮಿಯೊನ ಗುಟ್ಟು ರಟ್ಟಾಗಿದೆ, ಎರಡೂ ಪಕ್ಷದವರು ಕತ್ತಿ ಹಿರಿದಿದ್ದಾರೆ, ಪ್ರೇಮಿಗಳನ್ನು ಆಚೀಚೆ ಎಳೆದು ನಿಲ್ಲಿಸಿದ್ದಾರೆ. ಈ ಗದ್ದಲದ ನಡುವೆ ಅವರಿಬ್ಬರೂ ಒಂದೇ ಧಾಟಿಯನ್ನು, ಒಂದೇ ಸ್ಥಾಯಿಯಲ್ಲಿ, ಸ್ವರಕ್ಕೆ ಸ್ವರ ಕೂಡಿಸಿ ಹಾಡುತ್ತಾರೆ. ಸುತ್ತಲಿನ ಗಂಡಸರ ಮೇಳ ಕೆಳದನಿಯಲ್ಲಿ ಗುರುಗುಡುತ್ತಿರುತ್ತದೆ. ಯುಗಳಗೀತೆ ಎಂದರೆ ಎರಡು ದನಿ ಬೇರೆಬೇರೆ ಸ್ವರ ಹಿಡಿದು ಹೆಣೆದುಕೊಳ್ಳಬೇಕು ಎಂಬ ನಿರೀಕ್ಷೆ ಅಲ್ಲಿ ಕಳಚಿ ಬೀಳುತ್ತದೆ. ಎರಡು ಹೆಣ್ಣುದನಿಗಳಾದ್ದರಿಂದಲೇ ಇದು ಸಾಧ್ಯ. ರೋಮಿಯೊ ಗಂಡುದನಿಯವನಾದರೆ ಸ್ವರ ಒಂದು ಸ್ಥಾಯಿ ಕೆಳಗೆ ಬೀಳುತ್ತದೆ. ಒಂದೇ ಗಂಟಲಿನಿಂದ ಬಂದಂತಿದ್ದ ಹಾಡು ಎರಡಾಗಿ ಒಡೆಯುತ್ತದೆ. ಅಷ್ಟೆಲ್ಲ ಬೈದಿದ್ದ ಬೆರ್ಲಿಯೋಜನೂ ಈ ಜಾಗದಲ್ಲಿ ಶರಣಾದ. ಅದು ತನ್ನನ್ನು ಅಲುಗಾಡಿಸಿತೆಂದು, ಚಪ್ಪಾಳೆ ತಟ್ಟಿದೆನೆಂದು ಅದೇ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಎರಡನೆಯ ಅಂಕದ ಕೊನೆಯ ಗೋರಿಯ ದೃಶ್ಯದಲ್ಲಿ ಬೆಲ್ಲೀನಿ ಇನ್ನೂ ಧೈರ್ಯಶಾಲಿ. ನಾಯಕ ಸಾಯುವ ಮೊದಲು ಭರ್ಜರಿ ಹಾಡೊಂದನ್ನು, ಅದರ ಬೆನ್ನಿಗೆ ದ್ರುತಗತಿಯ ಇನ್ನೊಂದನ್ನು ಹಾಡಿ ಚಪ್ಪಾಳೆ ಗಿಟ್ಟಿಸಬೇಕೆಂಬುದು ಕಾಲದ ನಿಯಮ. ಇಲ್ಲಿ ಅದಿಲ್ಲ. ರೋಮಿಯೊನದು ಒಂದು ಚಿಕ್ಕ ಮೊರೆ, ಆಮೇಲೆ ವಿಷ. ಜುಲಿಯೆತ್ತಾ ಕಣ್ಣು ಬಿಡುತ್ತಾಳೆ. ದ ಪೋರ್ತೊ ಬರೆದಂತೆ ಅವನಿನ್ನೂ ಉಸಿರಾಡುತ್ತಿದ್ದಾನೆ. ನಂತರದ್ದೆಲ್ಲ ತುಂಡು ಮಾತು, ತಡವರಿಸುವ ಸ್ವರ, ಅರ್ಧಕ್ಕೆ ಬಿಟ್ಟ ಸಾಲು. ಅವನು ಸತ್ತೊಡನೆ ಅವಳೂ ದುಃಖದಿಂದಲೇ ಅವನ ಮೇಲೆ ಕುಸಿಯುತ್ತಾಳೆ. ಒಳನುಗ್ಗಿದ ಕಾಪೆಲ್ಲಿಯೊ ಇವರನ್ನು ಕೊಂದವರು ಯಾರು ಎಂದರೆ, ನೀನೇ ಎಂದು ಸುತ್ತಲಿನವರು ಅವನತ್ತ ತಿರುಗುತ್ತಾರೆ. ಅಲ್ಲಿಗೆ ಪರದೆ. ಎರಡು ಮನೆತನಗಳು ಕೈಕುಲುಕಿ ಪ್ರತಿಮೆ ನಿಲ್ಲಿಸುವ ಸಮಾಧಾನ ಇಲ್ಲಿ ಯಾರಿಗೂ ಸಿಗುವುದಿಲ್ಲ. ಅಂದಹಾಗೆ, 1839ರಲ್ಲಿ ತಾನೇ ‘ರೋಮಿಯೊ ಮತ್ತು ಜೂಲಿಯೆಟ್’ ಸಿಂಫನಿ ಬರೆದಾಗ ಬೆರ್ಲಿಯೋಜ್ ಗೋರಿಯ ದೃಶ್ಯಕ್ಕೆ ಆರಿಸಿಕೊಂಡದ್ದೂ ಜೂಲಿಯೆಟ್ ಮೊದಲೇ ಎಚ್ಚರಗೊಳ್ಳುವ ಪಾಠವನ್ನೇ. 18ನೇ ಶತಮಾನದ ಇಂಗ್ಲಿಷ್ ನಟ ಗ್ಯಾರಿಕ್ ಷೇಕ್ಸ್‌ಪಿಯರನನ್ನು ತಿದ್ದಿ ಮಾಡಿದ್ದ ಪಾಠ ಅದು!

ಇಂಥ ಅಂತ್ಯ ತಾರಾಗಾಯಕಿಯರಿಗೆ ರುಚಿಸಲಿಲ್ಲ. 1832ರ ಅಕ್ಟೋಬರಿನಲ್ಲಿ ಬೊಲೋನ್ಯಾದಲ್ಲಿ ರೋಮಿಯೊ ಹಾಡಿದ ಮರಿಯಾ ಮಾಲಿಬ್ರಾನ್ ಬೆಲ್ಲೀನಿಯ ಗೋರಿಯ ದೃಶ್ಯವನ್ನು ಕಿತ್ತು, ಅಲ್ಲಿಗೆ ವಕ್ಕಾಯಿಯ ಒಪೆರಾದ ಕೊನೆಯ ದೃಶ್ಯವನ್ನು ತಂದು ಕೂರಿಸಿದಳು. ಅದರಲ್ಲಿ ರೋಮಿಯೊನಿಗೆ ತುಂಬು ಹಾಡಿತ್ತು. ಯುರೋಪಿನ ಅತಿ ಹೆಸರಾಂತ ಗಾಯಕಿ ಮಾಡಿದ್ದೇ ಪದ್ಧತಿಯಾಯಿತು. ಎಷ್ಟರಮಟ್ಟಿಗೆ ಎಂದರೆ ಪ್ರಕಾಶಕ ರಿಕೋರ್ದಿ ಬೆಲ್ಲೀನಿಯ ಸ್ವರಲಿಪಿಗೆ ವಕ್ಕಾಯಿಯ ದೃಶ್ಯವನ್ನು ಅನುಬಂಧವಾಗಿ ಅಚ್ಚು ಹಾಕಿದ. ದಶಕಗಳ ಕಾಲ ಪ್ರೇಕ್ಷಕರು ಒಬ್ಬನ ಒಪೆರಾಕ್ಕೆ ಇನ್ನೊಬ್ಬನ ಸಾವನ್ನು ಕೇಳಿ ಮನೆಗೆ ಹೋದರು. ವಕ್ಕಾಯಿಯ ಪೂರ್ತಿ ಒಪೆರಾ ಮರೆತುಹೋಯಿತು. ಅವನ ಹೆಸರು ಉಳಿದದ್ದು ಹಾಡುಗಾರಿಕೆ ಕಲಿಯುವವರಿಗೆ ಬರೆದ ಪಾಠಪುಸ್ತಕದಿಂದ. ಬೆಲ್ಲೀನಿಗಾದರೂ ಜಗಳಾಡಲು ಆಯುಷ್ಯವೆಲ್ಲಿತ್ತು? ‘ಲಾ ಸೊನ್ನಂಬುಲಾ’, ‘ನೋರ್ಮಾ’, ‘ಇ ಪುರಿತಾನಿ’ ಬರೆದು 1835ರ ಸೆಪ್ಟೆಂಬರ್ 23ರಂದು ಪ್ಯಾರಿಸ್ ಬಳಿಯ ಪ್ಯುತೋದಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತನಾಲ್ಕೂ ತುಂಬಿರಲಿಲ್ಲ. ಮರುವರ್ಷ ಇಪ್ಪತ್ತೆಂಟರ ಮಾಲಿಬ್ರಾನ್ ಕೂಡ ಕುದುರೆಯಿಂದ ಬಿದ್ದ ಪೆಟ್ಟಿನಿಂದ ಚೇತರಿಸಿಕೊಳ್ಳದೆ ಹೋದಳು.

ಎಲ್ಲರೂ ತಿದ್ದಲು ಹೊರಟವರೇ ಅಲ್ಲ. 1834ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮಿನ್ ಷ್ರೋಡರ್-ಡೆವ್ರಿಯೆಂಟ್ ರೋಮಿಯೊ ಆದಳು. ಸಭೆಯಲ್ಲಿದ್ದ ಇಪ್ಪತ್ತರ ಹರೆಯದ ರಿಚರ್ಡ್ ವಾಗ್ನರ್ ತತ್ತರಿಸಿದ. ಜರ್ಮನರ ದೃಷ್ಟಿಯಲ್ಲಿ ಇಷ್ಟು ಹಗುರವಾದ ಸಂಗೀತ ಇಷ್ಟು ಆಳಕ್ಕೆ ಇಳಿದದ್ದು ಹೇಗೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಹಾಡುವುದು ಹೇಗೆಂದು ಜರ್ಮನರು ಇಟಲಿಯವರನ್ನು ನೋಡಿ ಕಲಿಯಬೇಕೆಂಬ ಧಾಟಿಯಲ್ಲಿ ಅದೇ ವರ್ಷ ಲೇಖನ ಬರೆದ. ಮುಂದೆ ಬೆಲ್ಲೀನಿಯ ಒಪೆರಾಗಳನ್ನು ತಾನೇ ನಿರ್ದೇಶಿಸಿದ.

19ನೇ ಶತಮಾನದ ಉತ್ತರಾರ್ಧಕ್ಕೆ ಬೆಲ್ ಕಾಂತೊ ಹಳತಾಯಿತು, ಈ ಒಪೆರಾ ಕಪಾಟು ಸೇರಿತು. 1966ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಅದನ್ನು ದೊಡ್ಡದಾಗಿ ಎತ್ತಿ ನಿಲ್ಲಿಸಿದವರು ವಾದ್ಯವೃಂದ ನಿರ್ದೇಶಕ ಕ್ಲಾಡಿಯೊ ಅಬ್ಬಾದೊ. ಅವರಿಗೂ ಹೆಣ್ಣು ರೋಮಿಯೊ ಹಿಡಿಸಲಿಲ್ಲ. ಪಾತ್ರವನ್ನು ಎತ್ತರದ ಗಂಡುದನಿಯ ಟೆನರ್ ಗಾಯಕ ಜಾಕೊಮೊ ಅರಗಾಲ್‌ರಿಗೆ ಕೊಟ್ಟರು. ಎದುರಾಳಿ ತೆಬಾಲ್ದೊ ಆಗಿ ಹಾಡಿದ ಇನ್ನೊಬ್ಬ ಟೆನರ್, ಆಗಿನ್ನೂ ಮೇಲೇಳುತ್ತಿದ್ದ ಲೂಚಾನೊ ಪವರೋತ್ತಿ. ಇಬ್ಬರೂ ಸೊಗಸುಗಾರರೇ. ಆದರೆ ಪ್ರೇಮಿ ಮತ್ತು ಎದುರಾಳಿಯ ದನಿ ಒಂದೇ ಬಗೆಯದಾಯಿತು, ಮೊದಲ ಅಂಕದ ಆ ಒಂದೇ ಗಂಟಲಿನ ಹಾಡು ಕಳೆದುಹೋಯಿತು. ಪ್ರಯೋಗಕ್ಕೆ ಆಯುಷ್ಯವಿರಲಿಲ್ಲ. 1975ರಲ್ಲಿ ಜಾನೆಟ್ ಬೇಕರ್ ಮತ್ತು ಬೆವರ್ಲಿ ಸಿಲ್ಸ್, 1984ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ರಿಕಾರ್ದೊ ಮೂತಿಯವರ ನಿರ್ದೇಶನದಲ್ಲಿ ಆಗ್ನೆಸ್ ಬಾಲ್ಟ್ಸಾ ಮತ್ತು ಎಡಿಟಾ ಗ್ರುಬೆರೋವಾ ಹಾಡಿದ ಮೇಲೆ ರೋಮಿಯೊ ಯಾರ ಪಾತ್ರ ಎಂಬ ವಾದವೇ ನಿಂತಿತು.

ವಕ್ಕಾಯಿಯ ಒಪೆರಾವೂ 2018ರಲ್ಲಿ ದಕ್ಷಿಣ ಇಟಲಿಯ ಮಾರ್ತೀನಾ ಫ್ರಾಂಕಾದ ಉತ್ಸವದಲ್ಲಿ ಪೂರ್ತಿಯಾಗಿ ರಂಗ ಕಂಡಿತು. ಈಗ ಎರಡೂ ಗೋರಿಯ ದೃಶ್ಯಗಳು ಕೇಳಲು ಸಿಗುತ್ತವೆ. ಮೊದಲು ವಕ್ಕಾಯಿಯದನ್ನು ಕೇಳಿ, ಅದು ನಿಜಕ್ಕೂ ಚೆಲುವಾದ ಹಾಡು. ಬಳಿಕ ಬೆಲ್ಲೀನಿಯದನ್ನು ಜಾನೆಟ್ ಬೇಕರ್ ದನಿಯಲ್ಲಿ ಹಾಕಿಕೊಳ್ಳಿ. ಮಾಲಿಬ್ರಾನ್ ಕಿತ್ತುಹಾಕಿದ್ದು ಈ ಒಪೆರಾದ ಅತ್ಯುತ್ತಮ ಹದಿನೈದು ನಿಮಿಷಗಳನ್ನು.